ಪಾರ್ಕಿಗೆಂದು ಬಿಟ್ಟ ಜಾಗ

ಬೆಂಗಳೂರಿನ ಪಾರ್ಕುಗಳ ಮೇಲೆ ಕಣ್ಣು ಹಾಕಿದವರೆಲ್ಲ ಭೂಗಳ್ಳರಾಗಿರಲಿಲ್ಲ. ಆಸ್ಪತ್ರೆ ಕಟ್ಟುತ್ತೇವೆ ಎಂದವರಿದ್ದರು. ಶಾಲೆ ತೆರೆಯುತ್ತೇವೆ, ಗ್ರಂಥಾಲಯಕ್ಕೆ ಒಂದು ಮೂಲೆ ಕೊಟ್ಟರೆ ಸಾಕು, ದೇವರ ಕೆಲಸಕ್ಕೆ ಬೇಡ ಎನ್ನಬೇಡಿ, ಕಾವೇರಿ ನೀರಿನ ಟ್ಯಾಂಕು ಎಲ್ಲಾದರೂ ಕೂರಬೇಕಲ್ಲ ಎಂದವರಿದ್ದರು. ಕಡೆಗೆ ಊರಿಗೇ ರೈಲು ತರುತ್ತೇವೆ ಎಂದು ಬಂದವರೂ ಇದ್ದರು. ಕಳ್ಳನ ಮೇಲೆ ಪೊಲೀಸರಿಗೆ ದೂರು ಕೊಡಬಹುದು. ಒಳ್ಳೆಯ ಕೆಲಸದ ಹೆಸರು ಹೇಳಿಕೊಂಡು ಬಂದವರಿಗೆ ಬಾಗಿಲು ಹಾಕುವುದು ಹೇಗೆ? ಬೆಂಗಳೂರಿನ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಸಿದ್ಧವಾದದ್ದು 1984ರಿಂದ 1991ರವರೆಗಿನ ಏಳು ವರ್ಷಗಳಲ್ಲಿ. ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ಇವತ್ತು ಬೆಳಗಿನ ವಾಕಿಂಗಿಗೆ ಹೋಗುವವರ ಕಾಲ ಕೆಳಗಿನ ನೆಲ ಉಳಿದಿರುವುದಕ್ಕೆ ಆ ಏಳು ವರ್ಷಗಳ ಋಣ ದೊಡ್ಡದು.

ಕತೆ ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ. 1945ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರು ನಗರ ಅಭಿವೃದ್ಧಿ ಕಾಯ್ದೆ ಮಾಡಿ, ಹೊಸ ಬಡಾವಣೆಗಳನ್ನು ರೂಪಿಸಲೆಂದೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪಿಸಿತು. ಹಳಬರು ಈಗಲೂ ಅದನ್ನು ಸಿ.ಐ.ಟಿ.ಬಿ. ಎಂದೇ ನೆನೆಯುತ್ತಾರೆ. ಅದು ಕೈಗೆತ್ತಿಕೊಂಡ ದೊಡ್ಡ ಕೆಲಸ ಜಯನಗರ. 1948ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಬಂದು ಬಡಾವಣೆಯ ಶಂಕುಸ್ಥಾಪನೆ ಮಾಡಿದರು. ಅದರ ನೆನಪಿಗೆ ನಿಂತದ್ದೇ ಅಶೋಕ ಪಿಲ್ಲರ್. ಅಲ್ಲಿಂದ ತೆಂಕಣಕ್ಕೆ ಸಿದ್ಧಾಪುರ, ಕನಕನಪಾಳ್ಯ, ಭೈರಸಂದ್ರ, ಯಡಿಯೂರುಗಳ ಹೊಲ, ತೋಟ, ಕೆರೆಯಂಗಳಗಳ ಮೇಲೆ ಬ್ಲಾಕುಗಳು ಎದ್ದವು. ಪ್ಲೇಗು ಬಂದ 1898ರ ಹೊತ್ತಿಗೆ ರೂಪುಗೊಂಡ ಬಸವನಗುಡಿ ಮಲ್ಲೇಶ್ವರಗಳಿಗೆ ಗಾಳಿ ಬೆಳಕೇ ಮುಖ್ಯವಾಗಿತ್ತು. ಜಯನಗರ ಆ ಪಾಠವನ್ನು ದೊಡ್ಡ ಅಳತೆಯಲ್ಲಿ ಮುಂದುವರಿಸಿತು.

ಬಡಾವಣೆ ಎಂಬುದು ಹುಟ್ಟುವ ಬಗೆಯನ್ನು ತುಸು ಹತ್ತಿರದಿಂದ ನೋಡಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಮೊದಲು ಹಳ್ಳಿಯ ಸರ್ವೆ ನಂಬರುಗಳನ್ನು ಗೆಜೆಟ್ಟಿನಲ್ಲಿ ಪ್ರಕಟಿಸುತ್ತಾರೆ. ಸಾರ್ವಜನಿಕ ಉದ್ದೇಶಕ್ಕೆ ಎಂದು ಹೇಳಿ ರೈತರಿಂದ ನೆಲ ತೆಗೆದುಕೊಳ್ಳುತ್ತಾರೆ. ಆಮೇಲೆ ನಕ್ಷೆ. ಇಲ್ಲಿ ರಸ್ತೆ, ಇಲ್ಲಿ ಮೂವತ್ತು ನಲವತ್ತರ ಸೈಟು, ಇಲ್ಲಿ ಅರವತ್ತು ನಲವತ್ತರದು, ಇಲ್ಲಿ ಪಾರ್ಕು, ಇಲ್ಲಿ ಆಟದ ಮೈದಾನ, ಇಲ್ಲಿ ಶಾಲೆಗೋ ಅಂಚೆ ಕಚೇರಿಗೋ ನಾಗರಿಕ ಸೌಲಭ್ಯದ ಸೈಟು, ಅಂದರೆ ಸಿ.ಎ. ಸೈಟು. ಸರ್ಕಾರ ಆ ಯೋಜನೆಗೆ ಮಂಜೂರಾತಿ ಕೊಡುತ್ತದೆ. ನಂತರವೇ ಸೈಟು ಹಂಚಿಕೆ. ರಸ್ತೆಗೂ ಪಾರ್ಕಿಗೂ ಬಿಟ್ಟ ನೆಲದ ವೆಚ್ಚ ಸೈಟಿನ ಬೆಲೆಯೊಳಗೇ ಕೂತಿರುತ್ತದೆ. ಹೀಗಾಗಿ ಪಾರ್ಕಿನ ಹಿಂದೆ ಇಬ್ಬರು ಇದ್ದಾರೆ: ಊರಿಗಾಗಿ ಎಂದು ನಂಬಿ ಹೊಲ ಬಿಟ್ಟುಕೊಟ್ಟ ರೈತ, ಎದುರಿಗೆ ಪಾರ್ಕು ಇರುತ್ತದೆ ಎಂದು ನಂಬಿ ಹಣ ಕಟ್ಟಿದ ಸೈಟುದಾರ. ಆ ಜಾಗವನ್ನು ಮೂರನೆಯವನಿಗೆ ಬರೆದುಕೊಟ್ಟರೆ ಮೋಸವಾಗುವುದು ಈ ಇಬ್ಬರಿಗೂ. ರೈತನ ಪಾಲಿನ ಮಾತನ್ನು ನಮ್ಮ ಪಾರ್ಕು ಹೋರಾಟಗಳಲ್ಲಿ ಯಾರೂ ಎತ್ತಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಭೈರಸಂದ್ರದ ರಾಗಿ ಹೊಲ ಖಾಸಗಿಯವರ ಲಾಭಕ್ಕೆ ಹೋಗುವುದಾದರೆ, ಅದನ್ನು ಸಾರ್ವಜನಿಕ ಉದ್ದೇಶ ಎಂದು ಹೇಳಿ ಕಿತ್ತುಕೊಳ್ಳುವ ಹಕ್ಕು ಸರ್ಕಾರಕ್ಕೆ ಎಲ್ಲಿಂದ ಬಂತು?

1950, 60ರ ದಶಕಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ನೆಲ ಬೇಕಾದಷ್ಟಿತ್ತು, ಜನ ಕಡಿಮೆ. 1971ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಹದಿನಾರು ಲಕ್ಷದ ಆಚೀಚೆ. 1981ರಲ್ಲಿ ಇಪ್ಪತ್ತೊಂಬತ್ತು ಲಕ್ಷ ದಾಟಿತ್ತು. ಹತ್ತೇ ವರ್ಷದಲ್ಲಿ ಮುಕ್ಕಾಲು ಪಾಲು ಹೆಚ್ಚಳ. ಅದೇ ದಶಕದ ನಡುವೆ, 1976ರ ಜನವರಿಯಲ್ಲಿ, ಸಿ.ಐ.ಟಿ.ಬಿ. ಹೋಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿ.ಡಿ.ಎ.) ಬಂತು. ಬನಶಂಕರಿಯ ಸ್ಟೇಜುಗಳು, ಜೆ.ಪಿ. ನಗರದ ಫೇಸುಗಳು, ಭೈರಸಂದ್ರ-ತಾವರೆಕೆರೆ-ಮಡಿವಾಳಗಳನ್ನು ಒಟ್ಟುಗೂಡಿಸಿದ ಬಿ.ಟಿ.ಎಂ. ಲೇಔಟ್, ಎಲ್ಲವೂ ಈ ಒತ್ತಡದ ಮಕ್ಕಳು. ನಿನ್ನೆ ಮೊನ್ನೆಯವರೆಗೆ ಯಾರಿಗೂ ಬೇಡವಾಗಿದ್ದ ಮೂಲೆಯ ಪಾರ್ಕು ಜಾಗಕ್ಕೆ ಚಿನ್ನದ ಬೆಲೆ ಬಂತು. ಕಂದಾಯ ಕಚೇರಿಯ ಮೆಟ್ಟಿಲಿನಿಂದ ವಿಧಾನಸೌಧದ ಮೂರನೇ ಮಹಡಿಯವರೆಗೆ ಅರ್ಜಿಗಳು ಓಡಾಡತೊಡಗಿದವು.

ಅಂಥ ಒಂದು ಅರ್ಜಿ ನಗರದ ಇನ್ನೊಂದು ತುದಿಯಲ್ಲಿ, ಸ್ಯಾಂಕಿ ಕೆರೆಯ ಸಮೀಪದ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ಫಲ ಕೊಟ್ಟಿತು. ಸಿ.ಐ.ಟಿ.ಬಿ. ಕಾಲದ ಮಂಜೂರಾದ ನಕ್ಷೆಯಲ್ಲಿ ಪಾರ್ಕು ಎಂದು ಗುರುತಿಸಿದ್ದ ತಗ್ಗಿನ ಜಾಗ ಅದು. ಬಡಾವಣೆಯಲ್ಲಿ ಪಾರ್ಕಿಗೆಂದು ಉಳಿದಿದ್ದ ಜಾಗ ಅದೊಂದೇ ಎಂಬ ಮಾತು ಮುಂದೆ ಕೋರ್ಟಿನ ದಾಖಲೆಗೂ ಬಂತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಖಾಸಗಿ ಸಂಸ್ಥೆ ನರ್ಸಿಂಗ್ ಹೋಮ್ ಕಟ್ಟಲು ಆ ಜಾಗ ಕೇಳಿತು. 1976ರಲ್ಲಿ ಮುಖ್ಯಮಂತ್ರಿಗಳ ಕಡೆಯಿಂದ ಆದೇಶ ಬಂತು. ಪಾರ್ಕಿನ ಜಾಗ ಸಿ.ಎ. ಸೈಟಾಯಿತು. ಆಗಷ್ಟೇ ಹುಟ್ಟಿದ್ದ ಬಿ.ಡಿ.ಎ. ನಿರ್ಣಯ ಮಾಡಿ ಅದನ್ನು ಟ್ರಸ್ಟಿಗೆ ಹಂಚಿತು.

ತುರ್ತು ಪರಿಸ್ಥಿತಿಯ ದಿನಗಳವು. ಮುಖ್ಯಮಂತ್ರಿಗಳ ಆದೇಶವನ್ನು ಪ್ರಶ್ನಿಸುವುದೆಂದರೆ ಹುಡುಗಾಟವಲ್ಲ. ಬಡಾವಣೆಯ ನಿವಾಸಿಗಳು ಮುಂದೆ ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠ ಅವರ ಅರ್ಜಿಯನ್ನು ತಳ್ಳಿಹಾಕಿತು: ಆಸ್ಪತ್ರೆಯೂ ನಾಗರಿಕ ಸೌಲಭ್ಯವೇ, ಅದಕ್ಕೆ ಜಾಗ ಕೊಟ್ಟರೆ ತಪ್ಪೇನು? ನಿವಾಸಿಗಳು ಮೇಲ್ಮನವಿ ಹಾಕಿದರು. ವಿಭಾಗೀಯ ಪೀಠ ಹಂಚಿಕೆಯನ್ನು ರದ್ದುಮಾಡಿತು. ಟ್ರಸ್ಟ್ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ವರ್ಷಗಳು ಉರುಳಿದವು.

ಪ್ರಕರಣ ಕೋರ್ಟುಗಳಲ್ಲಿ ಕಾಯುತ್ತಿದ್ದಾಗ ಬೆಂಗಳೂರಿನ ಗಾಳಿ ಬದಲಾಗುತ್ತಿತ್ತು. 80ರ ದಶಕದ ಮೊದಲ ವರ್ಷಗಳಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ನಗರದ ರಸ್ತೆ ರಸ್ತೆಗೆ ಸಸಿ ನೆಡಿಸಿದರು, ಒಟ್ಟು ಹದಿನೈದು ಲಕ್ಷದಷ್ಟು. ದಕ್ಷಿಣ ಬೆಂಗಳೂರಿನ ಎಷ್ಟೋ ಅಡ್ಡರಸ್ತೆಗಳ ಮೇಲೆ ಇವತ್ತು ಕಮಾನು ಕಟ್ಟಿರುವ ಮರಗಳು ಆ ಕಾಲದವು. ಬರೀ ಮರ ನೆಟ್ಟರೆ ಸಾಲದು, ಮರದ ಕೆಳಗಿನ ನೆಲಕ್ಕೂ ರಕ್ಷಣೆ ಬೇಕು ಎಂಬ ಅರಿವು ಸರ್ಕಾರದ ಮಟ್ಟದಲ್ಲೂ ಮೂಡಿತು. 1984ರಲ್ಲಿ ಬಿ.ಡಿ.ಎ. ಕಾಯ್ದೆಗೆ 38-ಎ ಎಂಬ ಹೊಸ ಕಲಂ ಸೇರಿತು. ಅದರ ಸಾರ ಇಷ್ಟೆ: ಪಾರ್ಕು, ಆಟದ ಮೈದಾನ, ನಾಗರಿಕ ಸೌಲಭ್ಯಕ್ಕೆಂದು ಮೀಸಲಿಟ್ಟ ಜಾಗವನ್ನು ಪ್ರಾಧಿಕಾರ ಬೇರೆ ಉದ್ದೇಶಕ್ಕೆ ಮಾರುವಂತಿಲ್ಲ, ಕೊಡುವಂತಿಲ್ಲ, ಕೊಟ್ಟರೆ ಅದು ಶೂನ್ಯ. ಕೊಟ್ಟವರಿಗೆ ದಂಡ ಎಂದಿದ್ದರೆ ದಂಡ ಕಟ್ಟಿ ಮುಗಿಸುತ್ತಿದ್ದರು. ಕೊಟ್ಟದ್ದೇ ಕೊಟ್ಟಂತಲ್ಲ ಎಂದದ್ದರಿಂದ ಆ ಕಲಂಗೆ ಹಲ್ಲು ಬಂತು. ಅದೇ ಕಾಯ್ದೆಯ 16ನೇ ಕಲಂ ಪ್ರಕಾರ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇ. 15ಕ್ಕೆ ಕಡಿಮೆಯಿಲ್ಲದಂತೆ ಪಾರ್ಕು, ಮೈದಾನಗಳಿಗೂ ಅದರ ಮೇಲೆ ಶೇ. 10ರಷ್ಟು ನಾಗರಿಕ ಸೌಲಭ್ಯಗಳಿಗೂ ಬಿಡಬೇಕು.

1984ರ ಅಕ್ಟೋಬರ್‌ನಲ್ಲಿಯೇ ನಗರದ ಸಮಗ್ರ ಅಭಿವೃದ್ಧಿ ಯೋಜನೆಗೂ ಒಪ್ಪಿಗೆ ಸಿಕ್ಕಿತು. ಊರಿನ ಸುತ್ತ ಹಸಿರು ಪಟ್ಟಿಯನ್ನು ಎಳೆದ ಯೋಜನೆ ಅದು. ನಕ್ಷೆಯಲ್ಲಿ ವಾಸದ ಪ್ರದೇಶ ಹಳದಿ, ವಾಣಿಜ್ಯ ನೀಲಿ, ಕೈಗಾರಿಕೆ ನೇರಳೆ, ಪಾರ್ಕು ಹಸಿರು. ಒಂದು ಬಣ್ಣವನ್ನು ಇನ್ನೊಂದಾಗಿಸಲು ಕಾನೂನಿನ ದಾರಿಯಲ್ಲೇ ಹೋಗಬೇಕು, ಜನರಿಂದ ಆಕ್ಷೇಪಣೆ ಕರೆಯಬೇಕು. ಲಂಡನ್ನಿನವರು ತಮ್ಮ ಊರಿನ ಸುತ್ತ ಇಂಥ ಪಟ್ಟಿಯನ್ನು 1938ರ ಕಾಯ್ದೆಯಿಂದ ಕಾಯ್ದುಕೊಳ್ಳಲು ಹೊರಟಿದ್ದರು. ನಮ್ಮ ಪಟ್ಟಿ ಅಷ್ಟು ಗಟ್ಟಿಯಾಗಲಿಲ್ಲ. ಪ್ರತಿ ಪರಿಷ್ಕರಣೆಯಲ್ಲೂ ಅದು ಹೊರಹೊರಕ್ಕೆ ಸರಿಯುತ್ತ ಹೋಯಿತು.

ಮರುವರ್ಷ, 1985ರಲ್ಲಿ, ಕರ್ನಾಟಕ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಬಂತು. ಇಂಥದೇ ಹೆಸರಿನ ಕಾಯ್ದೆ ಮದರಾಸಿನವರಿಗೆ 1959ರಲ್ಲೇ ಇತ್ತು. ಕಬ್ಬನ್ ಪಾರ್ಕು, ಲಾಲ್‌ಬಾಗುಗಳಿಗೆ ರಕ್ಷಣೆ ಕೊಡುವ ಸರ್ಕಾರಿ ಉದ್ಯಾನಗಳ ಕಾಯ್ದೆ ನಮ್ಮಲ್ಲಿ 1975ರಿಂದ ಇದ್ದರೂ ಮನೆಯೆದುರಿನ ಸಣ್ಣ ಪಾರ್ಕುಗಳಿಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ. 85ರ ಕಾಯ್ದೆ ಆ ಕೊರತೆ ತುಂಬಿತು. ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಪಾರ್ಕು, ಮೈದಾನ, ಬಯಲುಗಳ ಪಟ್ಟಿ ಮಾಡಬೇಕು, ಪ್ರಕಟಿಸಬೇಕು. ಪಟ್ಟಿಗೆ ಸೇರಿದ ಜಾಗ ಇದ್ದ ಉಪಯೋಗಕ್ಕೇ ಮೀಸಲು. ಎಲ್ಲವೂ ಆ ಪಟ್ಟಿಯ ಮೇಲೆ ನಿಂತಿತ್ತು. ಪಟ್ಟಿಗೆ ಸೇರದ ಪಾರ್ಕು ಅನಾಥ ಎಂಬ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು.

ಆ ವರ್ಷಗಳಲ್ಲಿಯೇ ಕೆರೆಗಳ ವಿಚಾರಕ್ಕೆ ನಿವೃತ್ತ ಐ.ಎ.ಎಸ್. ಅಧಿಕಾರಿ ಎನ್. ಲಕ್ಷ್ಮಣ ರಾವ್ ಅಧ್ಯಕ್ಷತೆಯಲ್ಲಿ ಸರ್ಕಾರ ಸಮಿತಿ ಮಾಡಿತು. ನಗರದ ಆಡಳಿತಾಧಿಕಾರಿಯಾಗಿ ಪಾರ್ಕುಗಳನ್ನು ಬೆಳೆಸಿದ ಹೆಸರು ಅವರದು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಗಿ, ಸಂಪಂಗಿ ಕೆರೆ ಕ್ರೀಡಾಂಗಣವಾಗಿ ಹೋದದ್ದನ್ನು ಕಣ್ಣಾರೆ ಕಂಡ ತಲೆಮಾರಿನವರು. ಇದ್ದ ಕೆರೆಗಳನ್ನು ಒಡೆಯಬಾರದು, ಒಡೆದುಹೋದ ಕೆರೆಯಂಗಳಗಳಲ್ಲಿ ಮನೆ ಸೈಟು ಮಾಡದೆ ಮರ ಬೆಳೆಸಬೇಕು ಎಂಬುದು ಅವರ ಸಮಿತಿಯ ಮುಖ್ಯ ಮಾತು. 1988ರಲ್ಲಿ ಸರ್ಕಾರ ಶಿಫಾರಸುಗಳನ್ನು ಒಪ್ಪಿತು. ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಮಡಿವಾಳ ಕೆರೆಗಳ ಹೆಸರು ಇವತ್ತು ಬಸ್ ಸ್ಟಾಪಿನ ಹೆಸರಾಗಿ ಮಾತ್ರ ಉಳಿಯದೆ ನೀರಿನ ಕೆರೆಗಳಾಗಿಯೂ ಉಳಿದಿರುವುದರ ಹಿಂದೆ ಆ ವರದಿಯ ಪಾಲೂ ಇದೆ.

ಇಷ್ಟೆಲ್ಲ ಆದ ಮೇಲೆ 1991ರ ಜುಲೈ 19ರಂದು ಸುಪ್ರೀಂ ಕೋರ್ಟಿನ ತೀರ್ಪು ಹೊರಬಿತ್ತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂದೇ ಅದು ಕಾನೂನಿನ ಪುಸ್ತಕಗಳಲ್ಲಿ ಪ್ರಸಿದ್ಧ. ನ್ಯಾಯಮೂರ್ತಿ ಟಿ.ಕೆ. ತೊಮ್ಮೆನ್ ಮುಖ್ಯ ತೀರ್ಪು ಬರೆದರು; ನ್ಯಾಯಮೂರ್ತಿ ಆರ್.ಎಂ. ಸಹಾಯ್ ಅದಕ್ಕೆ ಸಹಮತ ಸೂಚಿಸಿ ಪ್ರತ್ಯೇಕವಾಗಿಯೂ ಬರೆದರು. ಟ್ರಸ್ಟಿನ ಮೇಲ್ಮನವಿ ವಜಾ ಆಯಿತು.

ಟ್ರಸ್ಟಿನ ವಾದ ಕೇಳಲು ಹಿತವಾಗಿತ್ತು. ಪಾರ್ಕಿನಷ್ಟೇ ಆಸ್ಪತ್ರೆಯೂ ಜನರ ಆರೋಗ್ಯಕ್ಕೆ ಬೇಕು. ಸೌಲಭ್ಯವೊಂದರ ಬದಲು ಇನ್ನೊಂದು ಸೌಲಭ್ಯ ಕೊಟ್ಟರೆ ಬಡಾವಣೆ ಸುಧಾರಿಸಿದಂತೆಯೇ ತಾನೆ? ಕೋರ್ಟು ಇದನ್ನು ಒಪ್ಪಲಿಲ್ಲ. ಪಾರ್ಕಿಗೆ ಯಾರು ಬೇಕಾದರೂ ಬರಬಹುದು, ಬಡವ ಬಲ್ಲಿದ ಎಂದು ಕೇಳುವವರಿಲ್ಲ, ಕಾಸು ಕೊಡಬೇಕಿಲ್ಲ. ಖಾಸಗಿ ನರ್ಸಿಂಗ್ ಹೋಮಿನ ಬಾಗಿಲು ತೆರೆಯುವುದು ಹಣ ಕೊಟ್ಟವರಿಗೆ. ಎಲ್ಲರದ್ದಾಗಿದ್ದನ್ನು ಕೆಲವರದ್ದಾಗಿಸುವುದು ಸುಧಾರಣೆಯಾಗದು. ಒಳ್ಳೆಯ ಗಾಳಿ ಸಿಕ್ಕುವ ಬಯಲಿದ್ದರೆ ಕಾಯಿಲೆಯೇ ದೂರವಿರುತ್ತದೆ, ಬಂದ ಮೇಲೆ ಮದ್ದು ಮಾಡುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಮೇಲು ಎಂಬ ಅರ್ಥದ ಮಾತನ್ನು ಸಹಾಯ್ ಬರೆದರು. ಉದ್ಯಾನಗಳು ಹಿಂದೆ ರಾಜರ, ಸಿರಿವಂತರ ಸೊತ್ತಾಗಿದ್ದವು. ಸಾಮಾನ್ಯ ಮನುಷ್ಯನ ಬೆಲೆ ಸಮಾಜಕ್ಕೆ ತಿಳಿದ ಮೇಲೆ ಸಾರ್ವಜನಿಕ ಪಾರ್ಕು ಹುಟ್ಟಿತು ಎಂಬ ಇತಿಹಾಸವನ್ನೂ ನೆನಪಿಸಿದರು. ಹೈದರಾಲಿ ಅರಮನೆಯವರಿಗಾಗಿ ಬೆಳೆಸಿದ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನಕ್ಕೆ ಮುಗಿಬೀಳುವ ಬೆಂಗಳೂರಿಗರಿಗೆ ಈ ಮಾತನ್ನು ವಿವರಿಸಬೇಕಿಲ್ಲ.

ಎರಡನೆಯದು ಅಧಿಕಾರದ ಪ್ರಶ್ನೆ. ಕಾನೂನಿನಂತೆ ರೂಪಿಸಿ, ಸರ್ಕಾರ ಮಂಜೂರು ಮಾಡಿ, ಪ್ರಕಟಿಸಿದ ಯೋಜನೆಯನ್ನು ಬದಲಾಯಿಸಬೇಕಿದ್ದರೆ ಅದನ್ನು ಕಾನೂನು ಹೇಳಿದವರು, ಕಾನೂನು ಹೇಳಿದ ರೀತಿಯಲ್ಲೇ ಬದಲಾಯಿಸಬೇಕು. ಅದೂ ಯೋಜನೆ ಇನ್ನಷ್ಟು ಉತ್ತಮವಾಗುವುದಾದರೆ ಮಾತ್ರ. ಸರ್ಕಾರಕ್ಕೆ ಪ್ರಾಧಿಕಾರಕ್ಕೆ ನಿರ್ದೇಶನ ಕೊಡುವ ಅಧಿಕಾರವಿದೆ, ನಿಜ; ಅದು ಕಾಯ್ದೆಯ ಉದ್ದೇಶ ನೆರವೇರಿಸಲು ಇರುವುದು, ಕೆಡಿಸಲು ಅಲ್ಲ. ಮುಖ್ಯಮಂತ್ರಿ ಹೇಳಿದರೆಂದು ಪ್ರಾಧಿಕಾರ ತಲೆಯಾಡಿಸಿದ್ದು ತಪ್ಪು. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಕರಣ ಇದೆಂದು ಕೋರ್ಟು ಕಂಡುಕೊಂಡಿತು ಎನ್ನಬಹುದು. 1984ರ ಹೊಸ ಕಲಂ ಕೂಡ ಹೊಸದನ್ನೇನೂ ಹೇಳುತ್ತಿಲ್ಲ, ಮೀಸಲು ಜಾಗ ಬೇರೆ ಕಡೆ ತಿರುಗಬಾರದು ಎಂದು ಮೊದಲಿನಿಂದಲೂ ಇದ್ದ ಉದ್ದೇಶವನ್ನೇ ಸ್ಪಷ್ಟಪಡಿಸುತ್ತಿದೆ ಎಂದು ತೀರ್ಪು ಭಾವಿಸಿತು.

ಮೂರನೆಯದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಪಾರ್ಕು ಹೋದರೆ ಕೇಳಲು ನೀವು ಯಾರು? ನಿಮ್ಮ ಮನೆಯೇನಾದರೂ ಹೋಯಿತೇ? ನಿವಾಸಿಗಳ ಎದುರು ಈ ತಕರಾರು ಇತ್ತು. ಬಡಾವಣೆಯ ಪಾರ್ಕನ್ನು ಉಳಿಸಿಕೊಳ್ಳಲು ಅಲ್ಲಿ ವಾಸಿಸುವವರಿಗೆ ಕೋರ್ಟಿಗೆ ಬರುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟು ನಿಸ್ಸಂದಿಗ್ಧವಾಗಿ ಹೇಳಿತು. ಈ ಒಂದು ಮಾತಿನಿಂದ ಎದುರು ಮನೆಯ ನಿವೃತ್ತ ಮೇಷ್ಟ್ರು, ಪಕ್ಕದ ಬೀದಿಯ ಗೃಹಿಣಿ, ಬಡಾವಣೆಯ ಹಿತರಕ್ಷಣಾ ಸಂಘದ ಕಾರ್ಯದರ್ಶಿ, ಎಲ್ಲರೂ ಪಾರ್ಕಿನ ಪರವಾಗಿ ನಿಲ್ಲಬಲ್ಲ ಕಕ್ಷಿದಾರರಾದರು.

ಬೆಂಗಳೂರಿನ ಒಂದು ತಗ್ಗಿನ ಜಾಗದ ತೀರ್ಪು ದೇಶಕ್ಕೆಲ್ಲ ಆಸರೆಯಾಯಿತು. 1995ರಲ್ಲಿ ಹರಿಯಾಣದ ಥಾನೇಸರದಲ್ಲಿ ಬಯಲು ಜಾಗವನ್ನು ಸಂಘವೊಂದಕ್ಕೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟು ರದ್ದುಪಡಿಸಿತು. 1999ರಲ್ಲಿ ಲಖನೌದ ಝಂಡೇವಾಲಾ ಪಾರ್ಕಿನ ಅಡಿಯಲ್ಲಿ ಎದ್ದಿದ್ದ ಅಂಗಡಿ ಸಂಕೀರ್ಣವನ್ನು ಕೆಡವಿ ಪಾರ್ಕನ್ನು ಮೊದಲಿನಂತೆ ಮಾಡಿಕೊಡಿ ಎಂದು ಆಜ್ಞಾಪಿಸಿತು. ಕಟ್ಟಿಬಿಟ್ಟಿದ್ದಾರೆ, ಇನ್ನೇನು ಮಾಡುವುದು ಎಂಬ ಹಳೆಯ ರಾಗ ಅಲ್ಲಿ ನಡೆಯಲಿಲ್ಲ.

ದಕ್ಷಿಣ ಬೆಂಗಳೂರಿಗೆ ಇದರಿಂದ ಆದದ್ದೇನು? ಮಂಜೂರಾದ ನಕ್ಷೆಯಲ್ಲಿ ಹಸಿರಾಗಿದ್ದ ಜಾಗಗಳಲ್ಲಿ ಬಹುಪಾಲು ಉಳಿದುಕೊಂಡವು. ಜಯನಗರದ ಮಾಧವನ್ ಪಾರ್ಕು, ಬಸವನಗುಡಿಯ ಕೃಷ್ಣರಾವ್ ಪಾರ್ಕು, ಜೆ.ಪಿ. ನಗರದ ಮಿನಿ ಫಾರೆಸ್ಟು, ಬ್ಲಾಕಿಗೆ ಒಂದೋ ಎರಡೋ ಹೆಸರಿಲ್ಲದ ತ್ರಿಕೋನಗಳು. ಸುತ್ತಮುತ್ತ ಮಾತ್ರ ಎಲ್ಲವೂ ಬದಲಾಯಿತು. 2007ರ ಜೂನ್‌ನಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾ ಯೋಜನೆ-2015 ವಾಸದ ಬೀದಿಗಳಲ್ಲಿ ಅಂಗಡಿ, ಕಚೇರಿಗಳಿಗೆ ಹೆಚ್ಚು ಜಾಗ ಮಾಡಿಕೊಟ್ಟಿತು. ಜಯನಗರ ನಾಲ್ಕನೇ ಬ್ಲಾಕಿನ ಹನ್ನೊಂದನೇ ಮೇನ್, ಜೆ.ಪಿ. ನಗರದ ಇಪ್ಪತ್ನಾಲ್ಕನೇ ಮೇನ್ ಇವತ್ತು ಹೇಗಿವೆ ಎಂದು ನೋಡಿದವರಿಗೆ ಇದು ತಿಳಿದ ವಿಷಯ. ತೋಟವಿದ್ದ ಮನೆಗಳು ಹೋಗಿ ಅಂಚಿನಿಂದ ಅಂಚಿಗೆ ಕಟ್ಟಡ ಬಂದ ಮೇಲೆ ಪಾರ್ಕಿನ ಮೇಲಿನ ಹೊರೆ ಇನ್ನೂ ಹೆಚ್ಚಿತು. ಬೆಳಗ್ಗೆ ಆರಕ್ಕೆ ಪಾರ್ಕಿನ ಗೇಟಿನಲ್ಲಿ ನಿಂತರೆ ಸಾಕು: ಒಂದು ಸುತ್ತು ಹಾದಿಯಲ್ಲಿ ಭುಜಕ್ಕೆ ಭುಜ ತಾಗುವಷ್ಟು ಜನ, ನಡುವಿನ ಹುಲ್ಲಿಗೆ ಕಾಲಿಡಬೇಡಿ ಎಂಬ ಬೋರ್ಡು, ಒಂದು ಮೂಲೆಯಲ್ಲಿ ಪಂಪ್‌ಹೌಸು, ಇನ್ನೊಂದರಲ್ಲಿ ನಂದಿನಿ ಹಾಲಿನ ಬೂತು, ಗೋಡೆಗಾನಿಸಿ ಪೌರಕಾರ್ಮಿಕರ ಕೊಠಡಿ, ಗಣೇಶನ ಗುಡಿಗೆ ಹೊಸದಾಗಿ ಹಾಕಿದ ತಗಡಿನ ಸೂರು. ಒಂದೊಂದೂ ಬೇಕಾದದ್ದೇ, ಒಂದೊಂದೂ ಸಣ್ಣದೇ. ಹತ್ತು ವರ್ಷ ಬಿಟ್ಟು ಅಳೆದರೆ ಪಾರ್ಕು ಸಣ್ಣದಾಗಿರುತ್ತದೆ. ಇಂಥ ಸವಕಳಿಯ ಮೇಲೆ ಯಾರೂ ರಿಟ್ ಹಾಕುವುದಿಲ್ಲ.

ದೊಡ್ಡ ಪರೀಕ್ಷೆ ಬಂದದ್ದು 2009ರಲ್ಲಿ. ನಮ್ಮ ಮೆಟ್ರೋದ ದಕ್ಷಿಣದ ಮಾರ್ಗ ಆರ್.ವಿ. ರಸ್ತೆಗುಂಟ ಬರುವುದೆಂದಾಯಿತು. ಆರ್.ವಿ. ರಸ್ತೆಗೂ ನಂದಾ ಟಾಕೀಸಿನ ರಸ್ತೆಗೂ ನಡುವೆ ಉದ್ದಕ್ಕೆ ಚಾಚಿದ್ದ ಮರಗಳ ತೋಪೇ ಲಕ್ಷ್ಮಣ ರಾವ್ ಪಾರ್ಕು. ಕೆರೆಗಳನ್ನು ಉಳಿಸಿ ಎಂದು ವರದಿ ಬರೆದವರ ಹೆಸರನ್ನೇ ಹೊತ್ತ ಜಾಗ. ಮರಗಳಿಗೆ ಗುರುತು ಬಿದ್ದ ಸುದ್ದಿ ಹಬ್ಬಿದೊಡನೆ ಜಯನಗರ ಎದ್ದಿತು. ಹಸಿರು ಉಸಿರು ಎಂಬ ನಾಗರಿಕರ ಬಳಗ, ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್‌ನವರು, ಅಕ್ಕಪಕ್ಕದ ನಿವಾಸಿಗಳು, ಕಾಲೇಜು ಹುಡುಗರು ನಂದಾ ರಸ್ತೆಯಲ್ಲಿ ಸೇರಿದರು. ಮರಗಳನ್ನು ತಬ್ಬಿ ನಿಂತರು. ಅತ್ತ ಲಾಲ್‌ಬಾಗಿನ ಕಾಂಪೌಂಡು ಗೋಡೆಯ ಒಂದು ಭಾಗ ಉರುಳಿತು; ನಿಲ್ದಾಣಕ್ಕೆ ಜಾಗ ಬಿಡಿಸಿಕೊಡಲು ಸರ್ಕಾರ 1975ರ ಉದ್ಯಾನಗಳ ಕಾಯ್ದೆಗೇ ತಿದ್ದುಪಡಿ ತಂದಿತು. ವಿಷಯ ಹೈಕೋರ್ಟಿಗೂ ಹೋಯಿತು. ಮರಗಳು ಬಿದ್ದವು, ಕಂಬಗಳು ಎದ್ದವು. 2017ರ ಜೂನ್‌ನಲ್ಲಿ ಯಲಚೇನಹಳ್ಳಿಯವರೆಗೆ ರೈಲು ಓಡಿತು.

ಮೆಟ್ರೋ ಬೇಡವಿತ್ತೇ? ಬೇಕಿತ್ತು. ಬನಶಂಕರಿಯಿಂದ ಮೆಜೆಸ್ಟಿಕ್ಕಿಗೆ ದಿನಾ ಹೋಗಿಬರುವ ಸಾವಿರಾರು ಜನರ ಬದುಕು ಅದರಿಂದ ಹಗುರಾಗಿದೆ. ನಂದಾ ರಸ್ತೆಯಲ್ಲಿ ನಿಂತವರ ತಕರಾರು ರೈಲಿನ ಮೇಲೆ ಇರಲಿಲ್ಲ. ನಕ್ಷೆಯ ಹಸಿರನ್ನು ಬೇರೆ ಬಣ್ಣ ಮಾಡುವ ಮುನ್ನ ನಮ್ಮನ್ನು ಕೇಳಬೇಕಿತ್ತು, ಬೇರೆ ದಾರಿ ಇತ್ತೇ ಎಂದು ಬಹಿರಂಗವಾಗಿ ಚರ್ಚಿಸಬೇಕಿತ್ತು ಎಂಬುದು ಅವರ ಮಾತು. 1991ರ ತೀರ್ಪಿನ ಎರಡನೇ ಭಾಗ ಹೇಳಿದ್ದೂ ಅದನ್ನೇ. ಖಾಸಗಿ ಟ್ರಸ್ಟಿನ ಎದುರು ಗೆದ್ದ ಕಾನೂನು ಸರ್ಕಾರದ್ದೇ ಯೋಜನೆಯ ಎದುರು ಸೊರಗಿತು. ಕಾಯ್ದೆ ಅಡ್ಡ ಬಂದರೆ ಕಾಯ್ದೆಯನ್ನೇ ತಿದ್ದುವ ಶಕ್ತಿ ಸರ್ಕಾರಕ್ಕಿದೆ. ಪಾರ್ಕುಗಳ ಕಾನೂನಿನ ದೊಡ್ಡ ಬಿರುಕು ಇದು, ಇವತ್ತಿಗೂ ಮುಚ್ಚಿಲ್ಲ.

ಆದರೂ ಆ ಹೋರಾಟ ವ್ಯರ್ಥವಾಯಿತು ಎನ್ನಲಾರೆ. 2021ರ ಫೆಬ್ರುವರಿಯಲ್ಲಿ ಕನಕಪುರ ರಸ್ತೆಯ ಬದಿಯ ತುರಹಳ್ಳಿ ಕಾಡಿನಲ್ಲಿ ಅರಣ್ಯ ಇಲಾಖೆಯೇ ಟ್ರೀ ಪಾರ್ಕ್ ಮಾಡಲು ಹೊರಟಿತು. ಮೀಸಲು ಅರಣ್ಯಕ್ಕೆ ಕಾಲುದಾರಿ, ಬೆಂಚು, ಗೇಟು. ಇಲ್ಲಿಯೂ ಒಳ್ಳೆಯ ಕೆಲಸದ ಹೆಸರೇ. ಬನಶಂಕರಿ ಆರನೇ ಸ್ಟೇಜು, ಉತ್ತರಹಳ್ಳಿ, ಜೆ.ಪಿ. ನಗರಗಳಿಂದ ಬಂದ ಜನ, ಹಕ್ಕಿ ನೋಡುವವರು, ಸೈಕಲ್ ತುಳಿಯುವವರು ಭಿತ್ತಿಪತ್ರ ಹಿಡಿದು ಕಾಡಿನ ಅಂಚಿನಲ್ಲಿ ನಿಂತರು. ಕಾಡನ್ನು ಕಾಡಾಗಿಯೇ ಬಿಡಿ ಎಂದರು. ಯೋಜನೆಯನ್ನು ಕೈಬಿಡಲಾಯಿತು. ನಂದಾ ರಸ್ತೆಯಲ್ಲಿ ಕಲಿತ ಪಾಠ ತುರಹಳ್ಳಿಯಲ್ಲಿ ಕೆಲಸಕ್ಕೆ ಬಂತು ಎಂದು ನಾನು ನಂಬುತ್ತೇನೆ. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಯೋಜನೆ ಲಾಲ್‌ಬಾಗಿನ ಒಂದು ಮೂಲೆಯನ್ನು ಬಯಸಿದಾಗ ವಿರೋಧ ಎದ್ದ ವೇಗವೂ ಅದನ್ನೇ ಹೇಳುತ್ತದೆ.

ಇನ್ನೊಂದು ಕತೆಯನ್ನು ಹೇಳದೆ ಈ ಇತಿಹಾಸ ಪೂರ್ತಿಯಾಗದು. ಸಿ.ಐ.ಟಿ.ಬಿ., ಬಿ.ಡಿ.ಎ. ನಕ್ಷೆ ಹೋದ ಕಡೆ ಪಾರ್ಕು ಹುಟ್ಟಿತು, ಹುಟ್ಟಿದ್ದಕ್ಕೆ ಕಾನೂನಿನ ಕಾವಲು ಬಂತು. ನಕ್ಷೆಯೇ ಹೋಗದ ಕಡೆ? ಜೆ.ಪಿ. ನಗರದ ಕೊನೆಯ ಫೇಸುಗಳ ಆಚೆ, ಬನ್ನೇರುಘಟ್ಟ ರಸ್ತೆಯ ಆಸುಪಾಸು, ಬಿ.ಟಿ.ಎಂ. ಸುತ್ತಲಿನ ಹಳೆಯ ಹಳ್ಳಿಗಳಲ್ಲಿ ರೆವಿನ್ಯೂ ಸೈಟುಗಳ ಬಡಾವಣೆಗಳು ಬೆಳೆದವು. ಅಲ್ಲಿ ಸರ್ವೆ ನಂಬರನ್ನು ಸೀಳಿ ಇಪ್ಪತ್ತು ಮೂವತ್ತರ ಸೈಟು ಮಾಡಿದವರು ಶೇ. 15 ಬಿಡಲಿಲ್ಲ, ಒಂದೂ ಬಿಡಲಿಲ್ಲ. ಅಲ್ಲಿನ ಮಗು ಆಡುವುದು ಇಪ್ಪತ್ತಡಿ ರಸ್ತೆಯಲ್ಲಿ, ನಿಂತ ಬೈಕುಗಳ ನಡುವೆ. ಅಲ್ಲಿ ಉಳಿದ ಬಯಲೆಂದರೆ ಕೆರೆ, ಗೋಮಾಳ, ಸ್ಮಶಾನ. ಅವುಗಳ ಮೇಲೂ ಕೈ ಬಿತ್ತು. 2015ರ ಏಪ್ರಿಲ್‌ನಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವು ಶುರುವಾದಾಗ ಜೆ.ಸಿ.ಬಿ. ಎದುರು ನಿಂತು ಅತ್ತವರಲ್ಲಿ ಬ್ಯಾಂಕ್ ಸಾಲ ಮಾಡಿ ಮನೆ ಕೊಂಡ ಸಾಧಾರಣ ಸಂಬಳದಾರರೂ ಇದ್ದರು. ಎಂಬತ್ತು ಎಕರೆ ಮೀರಿದ ಕೆರೆ ಅದು. ಖಾತೆ, ನೋಂದಣಿ, ಕರೆಂಟು ಎಲ್ಲ ಕೊಟ್ಟ ಇಲಾಖೆಗಳು ಕೆರೆಯ ಗಡಿ ಎಲ್ಲಿದೆ ಎಂದು ಮೊದಲೇ ಹೇಳಿದ್ದರೆ ಆ ಕಣ್ಣೀರು ಬೇಕಿರಲಿಲ್ಲ. ಅದೇ ಜೆ.ಪಿ. ನಗರದ ಏಳನೇ ಫೇಸಿನಲ್ಲಿ ಪುಟ್ಟೇನಹಳ್ಳಿ ಕೆರೆಯನ್ನು 2010ರಲ್ಲಿ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ನೋಡಿಕೊಳ್ಳಲು ಮುಂದಾದರು. ಪಾಲಿಕೆ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಬತ್ತಿ ಕಸದ ಗುಂಡಿಯಾಗುತ್ತಿದ್ದ ಹದಿಮೂರು ಎಕರೆಗೆ ನೀರು ಬಂತು, ಹಕ್ಕಿಗಳು ಬಂದವು.

ಪಾರ್ಕುಗಳ ಹೋರಾಟ ಮೇಲ್ಮಧ್ಯಮ ವರ್ಗದ ಬಡಾವಣೆಗಳ ಹೋರಾಟ ಎಂಬ ಟೀಕೆಯಲ್ಲಿ ಸತ್ಯವಿದೆ. ರಾಜಮಹಲ್ ವಿಲಾಸದವರಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿಯಿತ್ತು. ಹಾಗೆಂದು ಅವರು ಗಳಿಸಿಕೊಟ್ಟದ್ದು ಅವರಿಗಷ್ಟೇ ಸೇರಲಿಲ್ಲ. ಪಾರ್ಕಿಗೆಂದು ಬಿಟ್ಟ ಜಾಗ ಪಾರ್ಕಾಗಿಯೇ ಇರಬೇಕು, ಅದಕ್ಕಾಗಿ ಕೇಳುವ ಹಕ್ಕು ಅಲ್ಲಿ ಬದುಕುವವರಿಗೆ ಇದೆ ಎಂಬ ನಿಯಮ ತಾವರೆಕೆರೆಯ ಬಾಡಿಗೆ ಮನೆಯವರಿಗೂ ಅಷ್ಟೇ ಸಲ್ಲುತ್ತದೆ.

ಆ ಹಕ್ಕನ್ನು ಚಲಾಯಿಸಲು ಮೊದಲು ಬೇಕಾದದ್ದು ಕಾಗದ. ನಿಮ್ಮ ಬಡಾವಣೆ ಯಾವ ಯೋಜನೆಯಲ್ಲಿ ಮಂಜೂರಾದದ್ದು, ಅದರ ನಕ್ಷೆಯಲ್ಲಿ ಎಷ್ಟು ಜಾಗ ಹಸಿರಿದೆ, ಅದು 1985ರ ಕಾಯ್ದೆಯ ಪಟ್ಟಿಯಲ್ಲಿ ಸೇರಿದೆಯೇ ಎಂಬುದನ್ನು ಮಾಹಿತಿ ಹಕ್ಕಿನ ಅರ್ಜಿ ಕೊಟ್ಟು ಬಿ.ಡಿ.ಎ. ಮತ್ತು ಪಾಲಿಕೆಯಿಂದ ತಿಳಿದುಕೊಳ್ಳಬಹುದು. ದೃಢೀಕೃತ ಪ್ರತಿ ಪಡೆದು ಬೀದಿಯ ನಾಲ್ಕು ಮನೆಗಳಲ್ಲಿ ಇಟ್ಟುಕೊಳ್ಳಿ. ಭೂ ಬಳಕೆ ಬದಲಾವಣೆಯ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬಂದಾಗ ಆಕ್ಷೇಪಣೆ ಸಲ್ಲಿಸಲು ಕೆಲವೇ ದಿನಗಳ ಅವಕಾಶ ಇರುತ್ತದೆ. ಆ ದಿನಗಳಲ್ಲಿ ನಿಮ್ಮ ಸಹಿ ಇರುವ ಒಂದು ಹಾಳೆ ಕಚೇರಿಯ ಕಡತಕ್ಕೆ ಸೇರಲಿ.